ಒಂದು ಗಿಟಾರ್, ಎರಡು ದಾರಿ, ಒಂದೇ ಜ್ಯಾಕ್

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲೋ ಬಂಗಾರಪೇಟೆಯಲ್ಲೋ ಜಾತ್ರೆ, ಗಣೇಶೋತ್ಸವ, ಚರ್ಚಿನ ಹಬ್ಬಗಳಿಗೆ ನುಡಿಸುವ ಆರ್ಕೆಸ್ಟ್ರಾ ಗಿಟಾರಿಸ್ಟನ ಮೇಲೆ ಎಷ್ಟು ಹೊರೆ ಬೀಳುತ್ತದೆಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಕನ್ನಡ, ತಮಿಳು, ತೆಲುಗು ಮೂರೂ ಭಾಷೆಯ ಚಿತ್ರಗೀತೆಗಳು ಒಂದೇ ಸಂಜೆ ಸರದಿಗೆ ಬರುತ್ತವೆ. ಮೂಲ ರೆಕಾರ್ಡಿಂಗಿನಲ್ಲಿ ಹಲವರು ಹಂಚಿಕೊಂಡಿದ್ದ ಕೆಲಸ ಇಲ್ಲಿ ಒಬ್ಬನದು: ಪಲ್ಲವಿಗೆ ಅಕೌಸ್ಟಿಕ್ ಗಿಟಾರಿನ ಬಿಡಿಬಿಡಿ ಮೀಟು, ಮಧ್ಯದ ಬಿಜಿಎಂಗೆ ಎಲೆಕ್ಟ್ರಿಕ್ ಗಿಟಾರಿನ ಗರ್ಜನೆ, ಚರಣಕ್ಕೆ ಮತ್ತೆ ಮೃದು ಕಾರ್ಡುಗಳು. ಗಿಟಾರಿಗೆಂದೇ ಪ್ರತ್ಯೇಕ ಆಂಪ್ ಇಂಥ ವೇದಿಕೆಗಳಲ್ಲಿ ಅಪರೂಪ. ಕಾಲ ಬಳಿಯ ಎಫೆಕ್ಟ್ಸ್ ಪ್ರೊಸೆಸರಿನಿಂದ ಹೊರಟ ಒಂದು ಕೇಬಲ್ ನೇರವಾಗಿ ಮೈಕ್‌ಸೆಟ್‌ನವರ ಮಿಕ್ಸರಿಗೆ ಹೋಗುತ್ತದೆ, ಅಲ್ಲಿ ಅದಕ್ಕೆ ಸಿಗುವುದು ಒಂದೇ ಚಾನೆಲ್. ಇತ್ತೀಚಿನ ಪ್ರೊಸೆಸರುಗಳಲ್ಲಿ ಸಿಗ್ನಲ್ಲನ್ನು ಒಳಗೇ ಎರಡೋ ಮೂರೋ ದಾರಿಗಳಾಗಿ ಕವಲೊಡೆಸಿ, ಒಂದೊಂದಕ್ಕೂ ಬೇರೆ ಬೇರೆ ಸಂಸ್ಕಾರ ಕೊಟ್ಟು, ಕೊನೆಗೆ ಕೂಡಿಸಿ ಹೊರಬಿಡುವ ಸೌಲಭ್ಯವಿದೆ. ಅದು ಸ್ಟುಡಿಯೊದವರ ಚಟ, ದುಡ್ಡಿದ್ದವರ ಶೋಕಿ ಎಂಬ ಮಾತು ಚಾಲ್ತಿಯಲ್ಲಿದೆ. ನನ್ನ ಲೆಕ್ಕದಲ್ಲಿ ಆ ಸೌಲಭ್ಯದ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿ ಇರುವುದು ಈ ಒಂಟಿ ಕೇಬಲ್ಲಿನ ಸಣ್ಣ ಊರಿನ ಗಿಟಾರಿಸ್ಟನಿಗೆ. ಆದರೆ ಕವಲೊಡೆಸುವ ಜಾಗಕ್ಕಿಂತ ಕೂಡಿಸುವ ಜಾಗದ ಮೇಲೆ ಅವನ ಕಣ್ಣಿರಬೇಕು ಎಂಬ ಷರತ್ತೂ ಈ ವಾದಕ್ಕಿದೆ.

ಊರಿನ ಹಿನ್ನೆಲೆ ಇಲ್ಲಿ ಬರೀ ಅಲಂಕಾರವಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಗಾರಿಕೆಗೆ ಇಳಿದ ಮೇಲೆ ಕೆಜಿಎಫ್‌ಗೆ ಇಂಗ್ಲಿಷ್ ಅಧಿಕಾರಿಗಳು, ಆಂಗ್ಲೋ ಇಂಡಿಯನ್ ಕುಟುಂಬಗಳು, ತಮಿಳು ಮತ್ತು ತೆಲುಗು ಸೀಮೆಯ ಕಾರ್ಮಿಕರು ಬಂದು ನೆಲೆಸಿದರು. ಕ್ಲಬ್ಬಿನ ಡಾನ್ಸು, ಚರ್ಚಿನ ಕಾಯಿರ್, ಕಾರ್ಮಿಕ ಲೈನುಗಳ ಹಾಡುಪಾಡು ಅಕ್ಕಪಕ್ಕದಲ್ಲೇ ಬೆಳೆದವು. ಹೀಗಾಗಿ ಗಿಟಾರ್ ಇಲ್ಲಿಗೆ ಟೀವಿ ನೋಡಿ ಬಂದ ವಾದ್ಯವಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ಊರಿನ ದುಡಿಮೆಯ ದೊಡ್ಡ ಪಾಲು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತದೆ. ನಿಲ್ಲಲೂ ಜಾಗವಿಲ್ಲದ ಬೋಗಿಯಲ್ಲಿ ಇಪ್ಪತ್ತು ಮೂವತ್ತು ಕಿಲೋ ತೂಗುವ ಆಂಪ್ ಹೊತ್ತು ಓಡಾಡುವವರು ಯಾರು? ಬೆನ್ನಿಗೊಂದು ಗಿಟಾರ್, ಕೈಚೀಲದಲ್ಲೊಂದು ಪ್ರೊಸೆಸರ್, ಅಷ್ಟೇ ಸಾಧ್ಯ. ಆಂಪ್ ಇಲ್ಲದ ಈ ಸ್ಥಿತಿಯಿಂದಲೇ ಮುಂದಿನ ಸಮಸ್ಯೆಗಳೆಲ್ಲ ಹುಟ್ಟುತ್ತವೆ.

ಸಾಮಾನ್ಯ ಪ್ರೊಸೆಸರಿನೊಳಗೆ ಸಿಗ್ನಲ್ ಒಂದೇ ಸಾಲಿನಲ್ಲಿ ನಡೆಯುತ್ತದೆ: ಕಂಪ್ರೆಸರ್, ಡಿಸ್ಟಾರ್ಷನ್, ಆಂಪ್ ಮಾದರಿ, ಸ್ಪೀಕರ್ ಪೆಟ್ಟಿಗೆಯ ಮಾದರಿ, ಡಿಲೇ, ರಿವರ್ಬ್. ಸಾಲಿನಲ್ಲಿ ಮುಂದಿರುವುದು ಹಿಂದಿನದರ ಫಲವನ್ನೇ ಉಣ್ಣಬೇಕು. ಡಿಲೇ, ರಿವರ್ಬ್‌ಗಳು ಹಿಂದುಮುಂದಾದರೆ ಅಂಥ ಪ್ರಮಾದವಿಲ್ಲ, ಆದರೆ ಡಿಸ್ಟಾರ್ಷನ್ ಬೇರೆ ಜಾತಿಯದು. ಅದು ಅಲೆಯ ತಲೆ ಕತ್ತರಿಸುತ್ತದೆ, ಕತ್ತರಿಸಿದಾಗ ಮೂಲದಲ್ಲಿ ಇಲ್ಲದ ಕಂಪನಗಳು ಹುಟ್ಟುತ್ತವೆ. ಒಂದೇ ಸ್ವರ ನುಡಿಸಿದರೆ ಹುಟ್ಟುವುದು ಅದರ ಗುಣಕಗಳು ಮಾತ್ರ, ಕಿವಿಗೆ ಹಿತವೇ. ಎರಡು ಸ್ವರ ಸೇರಿದರೆ ಅವುಗಳ ಮೊತ್ತ ಮತ್ತು ವ್ಯತ್ಯಾಸಗಳೂ ಹುಟ್ಟುತ್ತವೆ. 220 ಹರ್ಟ್ಸ್ ಷಡ್ಜ ಎಂದುಕೊಳ್ಳೋಣ. ಗಿಟಾರಿನ ಮೆಟ್ಟಿಲುಗಳ ಮೇಲೆ ಅದರ ಪಂಚಮ 329.6 ಹರ್ಟ್ಸ್. ವ್ಯತ್ಯಾಸ 109.6, ಅಂದರೆ ಕೆಳಸ್ಥಾಯಿಯ ಷಡ್ಜವಾದ 110ಕ್ಕೆ ಕೂದಲೆಳೆಯ ಅಂತರ. ಸ-ಪ ಜೋಡಿಗೆ ಎಷ್ಟು ಡಿಸ್ಟಾರ್ಷನ್ ಸುರಿದರೂ ಅದು ಇನ್ನಷ್ಟು ಗಟ್ಟಿಯಾಗುವುದು ಇದೇ ಕಾರಣಕ್ಕೆ. ರಾಕ್ ಸಂಗೀತ ಪೂರ್ತಿ ನಿಂತಿರುವುದೇ ಈ ಜೋಡಿಯ ಮೇಲೆ. ಈಗ ಅಂತರ ಗಾಂಧಾರ ನೋಡಿ. ಗಿಟಾರಿನಲ್ಲಿ ಅದು 277.2 ಹರ್ಟ್ಸ್, ಷಡ್ಜದೊಂದಿಗಿನ ವ್ಯತ್ಯಾಸ 57.2. ಅತಿ ಕೆಳಗಿನ ಷಡ್ಜ 55, ಅದರ ಮೇಲಿನ ಮೆಟ್ಟಿಲು 58.3. ಹುಟ್ಟಿದ ಸದ್ದು ಎರಡಕ್ಕೂ ಸೇರದೆ ನಡುವೆ ನಿಂತು ಗುರುಗುಟ್ಟುತ್ತದೆ. ತಂಬೂರಿಯಿಂದ ತಾನಾಗಿ ಹೊಮ್ಮುವ ಗಾಂಧಾರದ ಪ್ರಮಾಣದಲ್ಲಿ, ಅಂದರೆ 275 ಹರ್ಟ್ಸಿನಲ್ಲಿ, ಇದನ್ನು ನುಡಿಸಲು ಬರುವಂತಿದ್ದರೆ ವ್ಯತ್ಯಾಸ ಕರಾರುವಾಕ್ಕಾಗಿ 55 ಆಗುತ್ತಿತ್ತು, ಜಗಳವೇ ಇರುತ್ತಿರಲಿಲ್ಲ. ಗಿಟಾರಿನ ಸಮಪಾಲಿನ ಮೆಟ್ಟಿಲುಗಳು ಅದಕ್ಕೆ ಎಡೆ ಕೊಡುವುದಿಲ್ಲ. ಚಿತ್ರಗೀತೆಗಳ ಕಾರ್ಡುಗಳಲ್ಲಿ ಗಾಂಧಾರ, ನಿಷಾದಗಳಿಲ್ಲದೆ ಕೆಲಸ ಸಾಗುವುದಿಲ್ಲವಾದ್ದರಿಂದ, ಒಂದೇ ಸಾಲಿನ ಪ್ರೊಸೆಸರಿನಲ್ಲಿ ಡಿಸ್ಟಾರ್ಷನ್ ಹಾಕಿದ ಕೂಡಲೆ ಕಾರ್ಡಿನ ಮುಖ ಕದಡುತ್ತದೆ. ಡಿಸ್ಟಾರ್ಷನ್ ಇಳಿಸಿದರೆ ಗರ್ಜನೆಯೇ ಹೋಗುತ್ತದೆ.

ಕವಲು ಈ ಇಕ್ಕಟ್ಟನ್ನು ಬಿಡಿಸುತ್ತದೆ. ಒಂದು ದಾರಿಯಲ್ಲಿ ಕಾರ್ಡು ಕ್ಲೀನಾಗಿ, ಸ್ವಲ್ಪ ಕಂಪ್ರೆಸ್ ಆಗಿ ಹೋಗುತ್ತದೆ. ಇನ್ನೊಂದರಲ್ಲಿ ತಗ್ಗಿನ ಕಂಪನಗಳನ್ನು ಮೊದಲೇ ಸೋಸಿ ನಂತರ ಡಿಸ್ಟಾರ್ಷನ್ ಕೊಡಲಾಗುತ್ತದೆ. ಕೂಡಿದಾಗ ಸ್ವರಗಳ ಗುರುತು ಮೊದಲನೆಯದರಿಂದ, ಒರಟು ಎರಡನೆಯದರಿಂದ. ಗಮನಿಸಿ, ಇದನ್ನು ಒಂದೇ ಸಾಲಿನಲ್ಲಿ ಯಾವ ಕ್ರಮದಲ್ಲಿ ಜೋಡಿಸಿದರೂ ಪಡೆಯಲಾಗದು. ಕತ್ತರಿಸಿದ ಅಲೆಯ ತಲೆಯನ್ನು ಮುಂದಿನ ಯಾವ ಪೆಡಲೂ ಮತ್ತೆ ಅಂಟಿಸಲಾರದು.

ಇದಕ್ಕಿಂತ ಬಲವಾದ ಕಾರಣ ಸ್ಪೀಕರ್ ಪೆಟ್ಟಿಗೆಯದು. ಎಲೆಕ್ಟ್ರಿಕ್ ಗಿಟಾರಿನ ಸ್ಪೀಕರ್ ಸುಮಾರು 5,000 ಹರ್ಟ್ಸಿನ ಮೇಲಿನದನ್ನು ಹೆಚ್ಚುಕಡಿಮೆ ನುಂಗಿಬಿಡುತ್ತದೆ. ಈ ದೋಷವೇ ಅದರ ಗುಣ, ಯಾಕೆಂದರೆ ಡಿಸ್ಟಾರ್ಷನ್ ಹುಟ್ಟಿಸುವ ಕರ್ಕಶ ಜರಡಿ ಸದ್ದು ಇರುವುದು ಅಲ್ಲೇ. ಆಂಪ್ ಇಲ್ಲದೆ ನೇರ ಮಿಕ್ಸರಿಗೆ ಹೋಗುವವರು ಈ ನುಂಗುವಿಕೆಯನ್ನು ಪ್ರೊಸೆಸರಿನ ಒಳಗೇ ನಕಲು ಮಾಡಿಕೊಳ್ಳಬೇಕು, ಇಲ್ಲದಿದ್ದರೆ ವೇದಿಕೆಯ ಟ್ವೀಟರುಗಳಿಂದ ಜೀರುಂಡೆ ಹಾರಿ ಬಂದಂತೆ ಕೇಳುತ್ತದೆ. ಅಕೌಸ್ಟಿಕ್ ಗಿಟಾರಿನ ಹೊಳಪು ಇರುವುದೂ ಅದೇ 5,000ದ ಆಚೆ. ಬೆರಳು ತಂತಿಗೆ ತಾಗುವ ಸದ್ದು, ಉಕ್ಕಿನ ತಂತಿಯ ಮಿನುಗು, ಎಲ್ಲವೂ. ಒಂದೇ ಸಾಲಿದ್ದರೆ ಎರಡರಲ್ಲಿ ಒಂದು ಸಾಯಬೇಕು. 1983ರ ‘ಪಲ್ಲವಿ ಅನುಪಲ್ಲವಿ’ಗೆ ಇಳಯರಾಜಾ ಮಾಡಿದ ಸಂಗೀತ ಆರ್ಕೆಸ್ಟ್ರಾ ವೇದಿಕೆಗಳಿಗೆ ಇವತ್ತಿಗೂ ಬೇಕಾದದ್ದು, ಅದರ ಗಿಟಾರ್ ಕನ್ನಡಿಗರ ಕಿವಿಯಲ್ಲಿ ಉಳಿದುಬಿಟ್ಟಿದೆ. ಅಂಥದ್ದನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ, ಪೆಟ್ಟಿಗೆಯ ಮಾದರಿಯ ಮೂಲಕ ಹಾಯಿಸಿ ನುಡಿಸಿದರೆ ಕಂಬಳಿ ಹೊದೆಸಿದ ಹಾಗಾಗುತ್ತದೆ. ಎರಡನೆಯ ದಾರಿಯಲ್ಲಿ ಪೆಟ್ಟಿಗೆಯೇ ಇಲ್ಲದೆ ಈಕ್ವಲೈಸರ್ ಮತ್ತು ಸಣ್ಣ ಕೋಣೆಯ ರಿವರ್ಬ್ ಮಾತ್ರ ಇಟ್ಟುಕೊಂಡವರು ಕಾಲಿನ ಒಂದು ಒತ್ತಿಗೆ ಅಲ್ಲಿಂದ ಇಲ್ಲಿಗೆ ದಾಟಬಹುದು, ಬೇಕಾದಲ್ಲಿ ಎರಡನ್ನೂ ಬೆರೆಸಬಹುದು. ಪ್ಯಾಚ್, ಅಂದರೆ ಮೊದಲೇ ಉಳಿಸಿಟ್ಟ ಎಫೆಕ್ಟುಗಳ ಜೋಡಣೆ, ಬದಲಿಸಿದರೂ ಇದೇ ಆಗುತ್ತದಲ್ಲ ಎನ್ನಬಹುದು. ಆಗುತ್ತದೆ, ಆದರೆ ಎಷ್ಟೋ ಪ್ರೊಸೆಸರುಗಳಲ್ಲಿ ಪ್ಯಾಚ್ ಬದಲಾಗುವ ಕ್ಷಣ ಸದ್ದು ಒಂದಿಷ್ಟು ತುಂಡಾಗುತ್ತದೆ, ಹಿಂದಿನ ಡಿಲೇಯ ಬಾಲ ಕತ್ತರಿಸಿಹೋಗುತ್ತದೆ. ಹಾಡು ನಡೆಯುತ್ತಿರುವಾಗ ಅದು ಸಭಿಕರಿಗೂ ಗೊತ್ತಾಗುತ್ತದೆ.

ಗುರುಗುಟ್ಟುವ ಕರೆಂಟಿನ ವಿಚಾರವನ್ನೂ ಇಲ್ಲೇ ಹೇಳಿಬಿಡಬಹುದು. ಉತ್ಸವದ ವೇದಿಕೆಯಲ್ಲಿ ಲೈಟಿನವರು, ಮೈಕಿನವರು ಒಂದೇ ಲೈನಿನಿಂದ ಕರೆಂಟ್ ಎಳೆದಾಗ ಸಿಂಗಲ್ ಕಾಯಿಲ್ ಗಿಟಾರ್ 50 ಹರ್ಟ್ಸ್ ಮತ್ತು ಅದರ ಗುಣಕಗಳನ್ನು ಹೀರಿಕೊಳ್ಳುತ್ತದೆ, ಡಿಸ್ಟಾರ್ಷನ್ ಅದನ್ನು ಎತ್ತಿ ತೋರಿಸುತ್ತದೆ. (1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್ ಗಣಿಗಳಿಗೆ ಹರಿದ ವಿದ್ಯುತ್ತು 25 ಹರ್ಟ್ಸಿನದು. ಅಂದು ಎಲೆಕ್ಟ್ರಿಕ್ ಗಿಟಾರ್ ಇದ್ದಿದ್ದರೆ ಗುಂಯ್‌ಗುಟ್ಟುವಿಕೆಯ ಮೂಲ ಒಂದು ಸ್ಥಾಯಿ ಕೆಳಗಿರುತ್ತಿತ್ತು.) ಮಟ್ಟ ಇಳಿದಾಗ ಸದ್ದನ್ನು ಮುಚ್ಚಿಬಿಡುವ ನಾಯ್ಸ್ ಗೇಟನ್ನು ಡಿಸ್ಟಾರ್ಷನ್ ಇರುವ ದಾರಿಗೆ ಮಾತ್ರ ಹಾಕಿದರೆ ಗದ್ದಲ ನಿಲ್ಲುತ್ತದೆ, ಕ್ಲೀನ್ ದಾರಿಯಲ್ಲಿ ಸ್ವರ ತನ್ನ ಪಾಡಿಗೆ ಕರಗುತ್ತದೆ. ಒಂದೇ ಸಾಲಿನ ಗೇಟ್ ಎರಡರ ಕತ್ತನ್ನೂ ಒಟ್ಟಿಗೆ ಹಿಸುಕುತ್ತದೆ.

ಇನ್ನು ಕೂಡುವ ಜಾಗ. ಬಂಗಾರಪೇಟೆ ಜಂಕ್ಷನ್ನಿನಿಂದ ಬೆಂಗಳೂರಿಗೆ ಹಿಂದೆ ಎರಡು ರೈಲು ದಾರಿಗಳಿದ್ದವು. ಮಾಲೂರು, ವೈಟ್‌ಫೀಲ್ಡ್ ಮೇಲೆ ಹಾಯುವ ಸುಮಾರು 70 ಕಿಲೋಮೀಟರಿನ ಮುಖ್ಯ ಮಾರ್ಗ ಒಂದು. ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರ, ಯಲಹಂಕ ಸುತ್ತಿ ಬರುವ, ಅದರ ದುಪ್ಪಟ್ಟಿಗಿಂತ ಉದ್ದದ ನ್ಯಾರೋಗೇಜ್ ಇನ್ನೊಂದು. ಒಂದೇ ಹೊತ್ತಿಗೆ ಬಂಗಾರಪೇಟೆ ಬಿಟ್ಟ ಇಬ್ಬರು ಬೆಂಗಳೂರಿನಲ್ಲಿ ಒಂದೇ ಹೊತ್ತಿಗೆ ಭೇಟಿಯಾಗುವುದು ಸಾಧ್ಯವಿರಲಿಲ್ಲ. ಪ್ರೊಸೆಸರಿನಲ್ಲೂ ಕವಲೊಡೆದ ದಾರಿಗಳ ಉದ್ದ ಒಂದೇ ಎಂದು ಭಾವಿಸುವಂತಿಲ್ಲ. ಒಳಗಿನ ಎರಡು ದಾರಿಗಳನ್ನು ತಯಾರಕರು ಸಾಮಾನ್ಯವಾಗಿ ಹೊಂದಿಸಿರುತ್ತಾರೆ. ತೊಂದರೆ ಬರುವುದು ಒಂದು ದಾರಿಯಲ್ಲಿ ಶ್ರುತಿ ಬದಲಿಸುವ ಪಿಚ್ ಎಫೆಕ್ಟ್ ಇಟ್ಟಾಗ, ಅಥವಾ ಸೆಂಡ್-ರಿಟರ್ನ್ ಮೂಲಕ ಹೊರಗಿನ ಹಳೆಯ ಪೆಡಲ್ ಸೇರಿಸಿದಾಗ. ಹೊರಹೋಗಿ ಬರುವ ಸಿಗ್ನಲ್ ಮತ್ತೊಮ್ಮೆ ಅನಲಾಗ್ ಆಗಿ, ಮತ್ತೊಮ್ಮೆ ಡಿಜಿಟಲ್ ಆಗುವಷ್ಟರಲ್ಲಿ ಒಂದೆರಡು ಮಿಲಿಸೆಕೆಂಡ್ ಕಳೆದಿರುತ್ತದೆ. ಒಂದು ಮಿಲಿಸೆಕೆಂಡಿನಲ್ಲಿ ಸದ್ದು ಗಾಳಿಯಲ್ಲಿ ಸಾಗುವುದು ಬರೀ 34 ಸೆಂಟಿಮೀಟರ್. ಇಷ್ಟು ಕಿರಿದಾದದ್ದು ಯಾರಿಗೆ ಕೇಳಿಸುತ್ತದೆ ಎಂದು ಕೇಳುವವರಿದ್ದಾರೆ. ತಡವಾಗಿ ಕೇಳಿಸುವುದಿಲ್ಲ, ನಿಜ. ಆದರೆ ಸದ್ದಿನ ಬಣ್ಣ ಬದಲಾಗುತ್ತದೆ. ಸಮಬಲದ ಎರಡು ದಾರಿಗಳಲ್ಲಿ ಒಂದು ಒಂದು ಮಿಲಿಸೆಕೆಂಡ್ ಹಿಂದುಳಿದರೆ 500 ಹರ್ಟ್ಸಿನಲ್ಲಿ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸರಿಯಾಗಿ ಬಿದ್ದು ಎರಡೂ ಅಳಿಸಿಹೋಗುತ್ತವೆ. 1,500ರಲ್ಲಿ, 2,500ರಲ್ಲಿ ಮತ್ತೆ ಅದೇ ಕತೆ. ಎರಡು ಮಿಲಿಸೆಕೆಂಡ್ ಆದರೆ ಹಳ್ಳಗಳು 250, 750, 1,250ರಲ್ಲಿ. ಗಿಟಾರಿನ ಮೈಕಟ್ಟು ಇರುವುದೇ ಈ ವ್ಯಾಪ್ತಿಯಲ್ಲಿ. ‘ಎರಡು ದಾರಿ ಮಾಡಿದೆ, ಸದ್ದು ಇನ್ನೂ ತೆಳುವಾಯಿತು’ ಎಂಬ ದೂರಿಗೆ ಹೆಚ್ಚಾಗಿ ಕಾರಣ ಇದೇ, ದೂರುವವರ ಕಿವಿ ಸರಿಯಾಗಿಯೇ ಇರುತ್ತದೆ. ಹಿಂದುಳಿದ ದಾರಿಯನ್ನು ಹತ್ತು ಡೆಸಿಬೆಲ್ ತಗ್ಗಿಸಿದರೆ ಹಳ್ಳದ ಆಳ ಸುಮಾರು ಮೂರು ಡೆಸಿಬೆಲ್ಲಿಗೆ ಇಳಿಯುತ್ತದೆ, ಅಷ್ಟನ್ನು ಸಹಿಸಬಹುದು. ಮುಂದಿರುವ ದಾರಿಗೆ ಅಷ್ಟೇ ಹೊತ್ತಿನ ಸಣ್ಣ ಡಿಲೇ ಕೊಟ್ಟು ಕಾಯಿಸುವುದು ಇನ್ನೂ ಒಳ್ಳೆಯದು.

ಒಂದೇ ಮೂಲದ ಸಂಕೇತಗಳು ಹಲವು ದಾರಿಗಳಲ್ಲಿ ಬಂದಾಗ ಹೊತ್ತು ಕೂಡಿಬರುವುದು ಎಷ್ಟು ಮುಖ್ಯವೆಂಬುದಕ್ಕೆ ಕೆಜಿಎಫ್‌ನ ನೆಲದಡಿಯಲ್ಲೇ ಒಂದು ದೊಡ್ಡ ನಿದರ್ಶನವಿದೆ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯದ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಹಿಡಿದರು. ಕನ್ನಡಿಗರಾದ ಬಿ.ವಿ. ಶ್ರೀಕಂಠನ್ ಆ ತಂಡದಲ್ಲಿದ್ದರು. ಉಪಕರಣದ ಎರಡು ಬದಿಗೂ ಕಣ ತಾಗಿದರೆ ಮಿನುಗುವ ಪ್ಲಾಸ್ಟಿಕ್ ಗೋಡೆಗಳು, ನಡುವೆ ಕಣದ ಜಾಡು ತೋರುವ ನಿಯಾನ್ ಕೊಳವೆಗಳು. ಒಂದು ಗೋಡೆ ಮಿನುಗಿದರೆ ಅದಕ್ಕೆ ಬೆಲೆಯಿಲ್ಲ, ಅದು ಬಂಡೆಯ ವಿಕಿರಣವೋ ಉಪಕರಣದ ಗದ್ದಲವೋ ಆಗಿರಬಹುದು. ಎರಡೂ ಬದಿಯ ಸಂಕೇತಗಳು ಬೇರೆ ಬೇರೆ ದಾರಿಗಳಲ್ಲಿ ಬಂದು ಒಂದೇ ಕ್ಷಣಕ್ಕೆ ಕೂಡಿದರೆ ಮಾತ್ರ ಅದು ಘಟನೆ. ಅಲ್ಲಿನ ಉದ್ದೇಶ ಆರಿಸುವುದು, ಇಲ್ಲಿನದು ಬೆರೆಸುವುದು, ಆದ್ದರಿಂದ ಹೋಲಿಕೆಯನ್ನು ಹೆಚ್ಚು ಎಳೆಯಲಾರೆ. ಆದರೂ ಕೇಬಲ್ಲಿನ ಉದ್ದದಿಂದ ಆಗುವ ತಡವನ್ನೂ ಲೆಕ್ಕಕ್ಕೆ ಹಿಡಿಯಬೇಕಾದ ಆ ಶಿಸ್ತಿನ ಒಂದು ಪಾಲು ಗಿಟಾರಿನ ಪ್ಯಾಚ್ ಕಟ್ಟುವವರಿಗೂ ಬೇಕು.

ಈ ವಾದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ತೀರ ಗಟ್ಟಿಯಾದದ್ದು ಇದು: ಎರಡು ದಾರಿಯ ಸದ್ದು ಚೆನ್ನಾಗಿ ಕೇಳಿಸುವುದು ಅದು ಜೋರಾಗಿರುವುದರಿಂದ, ಬೇರೇನೂ ಇಲ್ಲ. ಇದರಲ್ಲಿ ಹುರುಳಿದೆ. ಒಂದೇ ಬಗೆಯ ಎರಡು ಸಿಗ್ನಲ್ ಕೂಡಿದರೆ ಮಟ್ಟ ಆರು ಡೆಸಿಬೆಲ್ ಏರುತ್ತದೆ, ಒಂದಕ್ಕೊಂದು ಸಂಬಂಧವಿಲ್ಲದವು ಕೂಡಿದರೆ ಮೂರು. ಜೋರಾದದ್ದನ್ನು ಒಳ್ಳೆಯದೆಂದು ಬಗೆಯುವುದು ಮನುಷ್ಯರ ಕಿವಿಯ ಹಳೆಯ ಚಾಳಿ. ಅಂಗಡಿಯಲ್ಲಿ ಪ್ರೊಸೆಸರ್ ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ಮಟ್ಟ ಸರಿದೂಗಿಸದೆ ಮಾಡಿದ ಹೋಲಿಕೆಗೆ ಅರ್ಥವಿಲ್ಲ. ಸರಿದೂಗಿಸಿದ ಮೇಲೂ ಒಂದೇ ಸಾಲಿನ ಸದ್ದಿನಲ್ಲಿ, ಮೇಲೆ ಲೆಕ್ಕ ಹಾಕಿದ 57.2 ಹರ್ಟ್ಸಿನ ಗುರುಗುಟ್ಟು, ಸತ್ತ ಹೊಳಪು, ಇವು ಹಾಗೇ ಉಳಿಯುತ್ತವೆ. ಅವು ಮಟ್ಟದ ಪ್ರಶ್ನೆಗಳಲ್ಲ. ಮಟ್ಟ ಸರಿದೂಗಿಸಿದ ಕೂಡಲೆ ಹೆಚ್ಚುಗಾರಿಕೆ ಮಾಯವಾಗುವ ಪ್ಯಾಚುಗಳೂ ಬೇಕಾದಷ್ಟಿವೆ. ಒಂದೇ ಡಿಸ್ಟಾರ್ಷನ್ನಿನ ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ‘ದಪ್ಪ’ ಎಂದು ಸಂಭ್ರಮಿಸುವ ಬಗೆಯವು. ಅವನ್ನು ಕಿತ್ತೊಗೆಯುವುದೇ ಸರಿ.

ಎರಡನೆಯದು ಮೋನೊ ಆಕ್ಷೇಪ. ಎರಡು ದಾರಿಗಳ ವೈಭವವೆಲ್ಲ ಎಡ-ಬಲ ಸ್ಪೀಕರುಗಳಿಗೆ ಹಂಚಿದಾಗ ತಾನೆ, ಮೈಕ್‌ಸೆಟ್‌ನವರು ಒಂದೇ ಚಾನೆಲ್ ಕೊಡುವಲ್ಲಿ ಅದರಿಂದೇನು ಎನ್ನುತ್ತಾರೆ. ಇದು ಸ್ಟೀರಿಯೊ ಮತ್ತು ಸಮಾಂತರ ಎರಡನ್ನೂ ಒಂದೇ ಎಂದುಕೊಂಡದ್ದರ ಫಲ. 1975ರಲ್ಲಿ ಬಂದ ರೋಲ್ಯಾಂಡ್ ಜೆಸಿ-120 ಆಂಪಿನಲ್ಲಿ ಕೋರಸ್ ಹಾಕಿದಾಗ ಒಂದು ಸ್ಪೀಕರಿನಿಂದ ನೇರ ಸದ್ದು, ಇನ್ನೊಂದರಿಂದ ಅಲುಗಿಸಿದ ಸದ್ದು ಬರುತ್ತದೆ, ಬೆರಕೆ ಗಾಳಿಯಲ್ಲಿ ನಡೆಯುತ್ತದೆ. ಅದು ಸ್ಟೀರಿಯೊ ಉಪಾಯ, ಅದಕ್ಕೆ ಎರಡು ಸ್ಪೀಕರ್ ಬೇಕೇ ಬೇಕು. ನಾನು ಹೇಳುತ್ತಿರುವ ಕ್ಲೀನ್-ಡಿಸ್ಟಾರ್ಷನ್ ಬೆರಕೆಗೂ, ಪೆಟ್ಟಿಗೆಯುಳ್ಳ ಮತ್ತು ಇಲ್ಲದ ದಾರಿಗಳ ಬೆರಕೆಗೂ ಒಂದು ಜ್ಯಾಕ್ ಸಾಕು. ಮೋನೊದಲ್ಲಿ ಕೈಕೊಡುವುದು ಅಗಲ ತೋರಿಸಲೆಂದು ಒಂದು ಬದಿಯನ್ನು ಹತ್ತು ಹದಿನೈದು ಮಿಲಿಸೆಕೆಂಡ್ ಹಿಂದಿಡುವ ಹುನ್ನಾರ. ಹೆಡ್‌ಫೋನಿನಲ್ಲಿ ಅದು ಅರಮನೆ. ಒಂದೇ ಚಾನೆಲ್ಲಿಗೆ ಇಳಿಸಿದಾಗ 15 ಮಿಲಿಸೆಕೆಂಡಿನ ಹಿನ್ನಡೆ ಸುಮಾರು 67 ಹರ್ಟ್ಸಿಗೊಂದರಂತೆ ಹಳ್ಳ ತೋಡುತ್ತ ಹೋಗುತ್ತದೆ.

‘ಹಳಬರು ಒಂದು ಗಿಟಾರ್, ಒಂದು ಆಂಪಿನಲ್ಲೇ ಲೋಕ ಗೆದ್ದರು, ಇಷ್ಟೆಲ್ಲ ಯಾಕೆ’ ಎಂಬ ಮಾತಿಗೆ ನನ್ನಲ್ಲಿ ಗೌರವವಿದೆ, ಒಪ್ಪಿಗೆಯಿಲ್ಲ. ಆ ಹಳಬರ ಹಿಂದೆ ಆಂಪ್ ಇತ್ತು, ಸದ್ದು ಒದಗಿಸುವ ಕೋಣೆಯಿತ್ತು, ಒಬ್ಬರು ಬಿಟ್ಟದ್ದನ್ನು ತುಂಬುವ ಇನ್ನಿಬ್ಬರಿದ್ದರು. ಮೇಲಾಗಿ ಒಂದೇ ದಾರಿ ಎಂದು ನಂಬಿದವರೂ ಸಮಾಂತರ ದಾರಿಯನ್ನೇ ಬಳಸುತ್ತಿದ್ದಾರೆ. ಡಿಲೇ, ರಿವರ್ಬ್ ಪೆಡಲಿನ ‘ಮಿಕ್ಸ್’ ಗುಂಡಿ ಮತ್ತೇನು? ನೇರ ಸದ್ದು ಒಂದು ದಾರಿ, ಮಾರುಲಿ ಇನ್ನೊಂದು, ಗುಂಡಿ ಅವುಗಳ ಪಾಲು ನಿಗದಿಪಡಿಸುತ್ತದೆ. ಕೆಲವು ಡಿಸ್ಟಾರ್ಷನ್ ಪೆಡಲುಗಳ ‘ಬ್ಲೆಂಡ್’ ಗುಂಡಿಯೂ ಅದೇ ಕೆಲಸ ಮಾಡುತ್ತದೆ. ಲೈನ್ 6 ಕಂಪನಿಯ 2015ರ ಹೀಲಿಕ್ಸ್‌ನಂಥ ಪ್ರೊಸೆಸರುಗಳು ಆ ಗುಂಡಿಯನ್ನು ಪರದೆಯ ಮೇಲೆ ಹರವಿ, ಎಲ್ಲಿ ಬೇಕೋ ಅಲ್ಲಿ ಕವಲೊಡೆಸಲು ಬಿಟ್ಟಿವೆ. ಅಗ್ಗದ, ಒಂದೇ ಸಾಲಿನ ಪ್ರೊಸೆಸರ್ ಇರುವವರು ಬ್ಲೆಂಡ್ ಗುಂಡಿಯ ಒಂದು ಪೆಡಲ್ ಸೇರಿಸಿಕೊಂಡರೆ ಕ್ಲೀನ್-ಡಿಸ್ಟಾರ್ಷನ್ ಬೆರಕೆ ಅವರಿಗೂ ಕೈಗೆಟುಕುತ್ತದೆ. ಪೆಟ್ಟಿಗೆಯಿಲ್ಲದ ದಾರಿ ಮಾತ್ರ ಅದರಿಂದ ಸಿಗದು. ಆಯ್ಕೆಗಳು ಹೆಚ್ಚಾದಷ್ಟೂ ವೇದಿಕೆಯ ಮೇಲೆ ಬಗ್ಗಿ ಗುಂಡಿ ತಿರುಗಿಸುವವರು ಹೆಚ್ಚಾಗುತ್ತಾರೆ ಎಂಬ ದೂರು ನ್ಯಾಯವಾದದ್ದೇ. ಅದಕ್ಕೆ ಮದ್ದು ಎರಡಕ್ಕೇ ನಿಲ್ಲಿಸುವುದು: ಎರಡಕ್ಕಿಂತ ಹೆಚ್ಚು ದಾರಿ ಬೇಕಾಗುವ ಹಾಡು ಆರ್ಕೆಸ್ಟ್ರಾ ಪಟ್ಟಿಯಲ್ಲಿ ಇರಲಾರದು.

ಬೇಸ್ ಗಿಟಾರಿನವರಿಗೆ ಇಷ್ಟು ವಾದವೇ ಬೇಕಾಗಿಲ್ಲ. ನಾಲ್ಕು ತಂತಿಯ ಬೇಸ್‌ನ ಅತಿ ಕೆಳಗಿನ ಸ್ವರ 41 ಹರ್ಟ್ಸ್. ಡಿಸ್ಟಾರ್ಷನ್ ಪೆಡಲ್‌ಗಳಲ್ಲಿ ಹಲವು ತಗ್ಗನ್ನು ಸೋಸಿಬಿಡುವುದರಿಂದ ಸಾಲಿನಲ್ಲಿ ಅದನ್ನು ಹಾಕಿದ ಕೂಡಲೆ ಹಾಡಿನ ಬುಡವೇ ಕಳಚಿಕೊಳ್ಳುತ್ತದೆ. ಯೆಸ್ ಎಂಬ ರಾಕ್ ತಂಡದ ಕ್ರಿಸ್ ಸ್ಕ್ವೈರ್ ತನ್ನ ರಿಕನ್‌ಬ್ಯಾಕರ್ ಬೇಸ್‌ನ ಎರಡು ಪಿಕಪ್‌ಗಳನ್ನು ಬೇರೆ ಬೇರೆ ದಾರಿಗಳಲ್ಲಿ ಕಳಿಸಿ ತಳದ ಘನವನ್ನೂ ಮೇಲಿನ ಕೊರೆತವನ್ನೂ ಒಟ್ಟಿಗೆ ಉಳಿಸಿಕೊಂಡಿದ್ದ. ಈಗ ಅದೇ ಕೆಲಸಕ್ಕೆ ಪ್ರೊಸೆಸರಿನಲ್ಲಿ ಕ್ರಾಸ್‌ಓವರ್ ಇರುತ್ತದೆ: ಸುಮಾರು 200 ಹರ್ಟ್ಸಿನ ಕೆಳಗಿನದು ಕ್ಲೀನಾಗಿ, ಮೇಲಿನದು ಡಿಸ್ಟಾರ್ಷನ್ನಿಗೆ. ಬೇಸ್‌ನ ನಡೆಯೇ ಹಾಡಿನ ಅರ್ಧ ಜೀವವಾಗಿರುವ ಇಳಯರಾಜಾ ಗೀತೆಗಳನ್ನು ನುಡಿಸುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಹೊಸ ಪ್ಯಾಚನ್ನು ವೇದಿಕೆಗೆ ಒಯ್ಯುವ ಮುನ್ನ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ, ಅದಕ್ಕೆ ಖರ್ಚಿಲ್ಲ. ಔಟ್‌ಪುಟ್ಟನ್ನು ಮೋನೊ ಮಾಡಿ, ಎರಡೂ ದಾರಿಗಳ ಮಟ್ಟ ಸಮ ಮಾಡಿ, ಕೂಡುವ ಜಾಗದಲ್ಲಿ ಒಂದು ದಾರಿಯ ಪೊಲಾರಿಟಿಯನ್ನು ತಿರುಗಿಸಿ, ಅಂದರೆ ಅಲೆಯ ಉಬ್ಬುತಗ್ಗನ್ನು ಅದಲುಬದಲು ಮಾಡಿ, ಕೆಳತಂತಿಯ ಒಂದು ಕಾರ್ಡು ನುಡಿಸಿ ಕೇಳಬೇಕು. ತಿರುಗಿಸಿದಾಗ ಸದ್ದು ಸೊರಗಿ ತೆಳುವಾದರೆ ಮೊದಲಿನ ಜೋಡಣೆ ಸರಿಯಿತ್ತು, ಹಾಗೇ ಬಿಡಬಹುದು. ದಪ್ಪವಾದರೆ ದಾರಿಗಳು ಅಷ್ಟು ದಿನ ಒಂದನ್ನೊಂದು ಕಚ್ಚುತ್ತಿದ್ದವು, ತಿರುಗಿಸಿದ್ದನ್ನೇ ಉಳಿಸಿಕೊಳ್ಳಬೇಕು. ಹೆಚ್ಚು ಬದಲಾವಣೆಯೇ ಕಾಣದೆ ಟೊಳ್ಳಿನ ಬಣ್ಣ ಮಾತ್ರ ಅಲ್ಲಿಂದಿಲ್ಲಿಗೆ ಸರಿದಂತಾದರೆ ತೊಂದರೆ ಪೊಲಾರಿಟಿಯದಲ್ಲ, ಹೊತ್ತಿನದು. ಸೆಂಡ್-ರಿಟರ್ನ್‌ನಲ್ಲಿರುವ ಪೆಡಲನ್ನೋ ಪಿಚ್ ಎಫೆಕ್ಟನ್ನೋ ಮೊದಲು ಹಿಡಿಯಬೇಕು.